ಸಮೀಕರಣ ನೋಡಿಯೇ ರೇಟ್ ಲಾ ಬರೆಯಬಾರದಾ, ಸರ್?

ಎರಡನೇ ಪಿಯುಸಿ ಮಕ್ಕಳು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ರೇಟ್ ಲಾ ಅಂದರೆ ರಾಸಾಯನಿಕ ಕ್ರಿಯೆಯ ವೇಗ ಯಾವ ವಸ್ತುವಿನ ಸಾಂದ್ರತೆಯ ಮೇಲೆ ಎಷ್ಟು ನಿಂತಿದೆ ಅಂತ ಹೇಳುವ ಸೂತ್ರ. ಸಮೀಕರಣ ಬ್ಯಾಲೆನ್ಸ್ ಆಗಿದೆ, ಅದರಲ್ಲಿರುವ ಅಂಕಿಗಳನ್ನೇ ಘಾತವಾಗಿ ಬರೆದರೆ ಸಾಕಲ್ವಾ, ಪ್ರಯೋಗ ಯಾಕೆ?

ಸಾಲದು. ಅಸಿಟೋನ್ ಮತ್ತು ಅಯೋಡಿನ್ ನೋಡಿ. ಸಮೀಕರಣದಲ್ಲಿ ಎರಡೂ ಒಂದೊಂದು ಮೋಲ್ (ಕಣಗಳನ್ನು ಎಣಿಸುವ ಅಳತೆ). ಆಸಿಡ್ ಬರೀ ಕ್ಯಾಟಲಿಸ್ಟ್, ಅಂದರೆ ತಾನು ಖರ್ಚಾಗದೆ ನೆರವಾಗುವ ವಸ್ತು. ಹಾಗಾದರೆ ವೇಗ ಅಸಿಟೋನ್ ಮತ್ತು ಅಯೋಡಿನ್ ಮೇಲೆ ನಿಂತಿರಬೇಕು ಅನಿಸುತ್ತದೆ.

ಈಗ ಮಾಡಿ ನೋಡೋಣ. (ಮೋಲಾರ್ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಅಂತ.) 4 ಮೋಲಾರ್ ಅಸಿಟೋನ್, 1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್, 0.005 ಮೋಲಾರ್ ಅಯೋಡಿನ್ ತಲಾ 10 ಮಿಲಿ, ಜೊತೆಗೆ 20 ಮಿಲಿ ನೀರು. ಅಯೋಡಿನ್ ಕೊನೆಗೆ ಹಾಕಿ ಗಡಿಯಾರ ಒತ್ತಿ. ಬಿಳಿ ಹಾಳೆಯ ಮೇಲಿಟ್ಟ ಫ್ಲಾಸ್ಕಿನಲ್ಲಿ ಕಂದು ಬಣ್ಣ ಹಳದಿಯಾಗಿ, ತೆಳುವಾಗುತ್ತಾ ಹೋಗಿ, 25 ಡಿಗ್ರಿಯಲ್ಲಿ ಸುಮಾರು 4 ನಿಮಿಷಕ್ಕೆ ಪೂರ್ತಿ ಮಾಯವಾಗುತ್ತದೆ. (ಕಿಟಕಿ ತೆಗೆದಿಡಿ, ಅಯೋಡೋಅಸಿಟೋನ್ ಕಣ್ಣು ಉರಿಸುತ್ತದೆ.)

ಅಸಿಟೋನ್ 20 ಮಿಲಿ ಮಾಡಿ, ನೀರು 10ಕ್ಕೆ ಇಳಿಸಿ. ಒಟ್ಟು 50 ಮಿಲಿ ಇರಲೇಬೇಕು, ಇಲ್ಲದಿದ್ದರೆ ಉಳಿದವುಗಳ ಸಾಂದ್ರತೆಯೂ ಬದಲಾಗಿ ಲೆಕ್ಕ ಕೆಡುತ್ತದೆ. 2 ನಿಮಿಷ. ಆಸಿಡ್ ಇಮ್ಮಡಿ ಮಾಡಿದರೂ 2 ನಿಮಿಷ! ಅರ್ಧ ಸಮಯ ಅಂದರೆ ಎರಡರಷ್ಟು ವೇಗ, ಹಾಗಾಗಿ ಎರಡರಲ್ಲೂ ಆರ್ಡರ್ (ರೇಟ್ ಲಾದಲ್ಲಿ ಆ ಸಾಂದ್ರತೆಯ ಘಾತ) ಒಂದು.

ಅಯೋಡಿನ್ ಇಮ್ಮಡಿ ಮಾಡಿದರೆ 8 ನಿಮಿಷ. ಇಲ್ಲೇ ಮಕ್ಕಳು ಜಾರುವುದು. 'ಅಯೋಡಿನ್ ಜಾಸ್ತಿಯಾದರೆ ನಿಧಾನ ಆಗುತ್ತೆ' ಅಂತ ಬರೆದುಬಿಡುತ್ತಾರೆ. ಸಮಯ ಬೇರೆ, ವೇಗ ಬೇರೆ. ಎರಡರಷ್ಟು ಅಯೋಡಿನ್ ಎರಡರಷ್ಟು ಸಮಯದಲ್ಲಿ ಮುಗಿದಿದೆ, ಹಾಗಾಗಿ ನಿಮಿಷಕ್ಕೆ ಖರ್ಚಾಗಿದ್ದು ಅಷ್ಟೇ. ಆರ್ಡರ್ ಸೊನ್ನೆ.

ಅಂದರೆ ಸಮೀಕರಣದಲ್ಲಿ ಇದ್ದ ಅಯೋಡಿನ್ ರೇಟ್ ಲಾದಲ್ಲಿ ಇಲ್ಲ, ಇಲ್ಲದ ಆಸಿಡ್ ಇದೆ. ಸಮೀಕರಣ ಹೇಳುವುದು ಏನು ಹೋಯಿತು, ಏನು ಬಂತು ಅಂತ ಮಾತ್ರ. ಯಾವ ಹೆಜ್ಜೆ ನಿಧಾನ ಅಂತ ಅದಕ್ಕೆ ಗೊತ್ತಿಲ್ಲ. ಹೆಂಚು ಒಂದೇ ಇದ್ದರೆ ತಿನ್ನುವವರು ಎಷ್ಟೇ ಜನ ಕಾದು ಕೂತರೂ ದೋಸೆ ಬೇಗ ಬರುವುದಿಲ್ಲ, ಅಲ್ವಾ? ಇಲ್ಲಿ ನಿಧಾನದ ಹೆಜ್ಜೆ ಅಂದರೆ ಆಸಿಡ್ ನೆರವಿನಿಂದ ಅಸಿಟೋನ್ 'ಈನಾಲ್' ರೂಪಕ್ಕೆ (ಅವೇ ಪರಮಾಣುಗಳು, ಜೋಡಣೆ ಬೇರೆ) ತಿರುಗುವುದು. ಅದು ಆದ ತಕ್ಷಣ ಅಯೋಡಿನ್ ಹಿಡಿದುಕೊಳ್ಳುತ್ತದೆ.

ಅಯೋಡಿನ್ ಬದಲು ಬ್ರೋಮಿನ್ ಇಟ್ಟುಕೊಂಡು ರಸಾಯನ ವಿಜ್ಞಾನಿ ಆರ್ಥರ್ ಲ್ಯಾಪ್‌ವರ್ತ್ 1904ರಲ್ಲೇ ಇದನ್ನು ತೋರಿಸಿದರು. ಕಣ್ಣಿಗೆ ಕಾಣದ ಆ ನಡುವಿನ ಹೆಜ್ಜೆ ಅವರಿಗೆ ಸಿಕ್ಕಿದ್ದು ಸುಮ್ನೆ ವೇಗ ಅಳೆದಿದ್ದರಿಂದ. ನನಗೆ ಇವತ್ತಿಗೂ ರೋಮಾಂಚನ ಆಗುತ್ತದೆ.