ಜಿಗಿದ ಕೌಂಟ್‌ನ ಜಾಡು ಹಿಡಿದು: ಹಾಲೆಯಿಂದ ಐಸೆನಾಖ್‌ವರೆಗೆ

ಜರ್ಮನಿಯ ವಾರ್ಟ್‌ಬುರ್ಗ್ ಕೋಟೆಗೆ ಹೋಗುವವರಲ್ಲಿ ಹೆಚ್ಚಿನವರು ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಅನುವಾದಿಸಿದ ಕೋಣೆಯನ್ನು ನೋಡಿಕೊಂಡು ಇಳಿದುಬಿಡುತ್ತಾರೆ. ಆ ಗುಡ್ಡದ ಮೇಲೆ ಮೊದಲು ಕೋಟೆ ಕಟ್ಟಿಸಿದವನು ಲೂಥರ್‌ಗಿಂತ ನಾನೂರೈವತ್ತು ವರ್ಷ ಹಿಂದಿನವನು: ಟ್ಯೂರಿಂಗೆನ್ ಸೀಮೆಯ ಕೌಂಟ್ (ಸಾಮಂತ ಒಡೆಯ) ಲೂಡ್ವಿಗ್. ಊರವರ ಬಾಯಲ್ಲಿ ‘ಡೇರ್ ಶ್ಪ್ರಿಂಗರ್’, ಅಂದರೆ ಜಿಗಿದವನು. ಅವನ ಬದುಕನ್ನು ಹಿಂಬಾಲಿಸಿ ಹೊರಟರೆ ಮೂರು ದಿನದ ಪ್ರವಾಸವಾಗುತ್ತದೆ. ಹಾಲೆ, ನೌಮ್‌ಬುರ್ಗ್, ಎರ್‌ಫುರ್ಟ್, ಗೋಟಾ, ಐಸೆನಾಖ್ ಎಲ್ಲವೂ ಒಂದೇ ರೈಲುಮಾರ್ಗದ ಮೇಲಿರುವುದು ದೊಡ್ಡ ಅನುಕೂಲ.

ಟಿಕೆಟ್ ತೆಗೆಯುವಾಗಲೇ ಎಡವಟ್ಟಾಗುವುದುಂಟು. ಹಾಲೆ ಎಂಬ ಹೆಸರಿನ ಊರು ಜರ್ಮನಿಯಲ್ಲಿ ಒಂದಲ್ಲ. ನಮಗೆ ಬೇಕಾದದ್ದು ಜಾಲೆ ನದಿಯ ದಡದ ಹಾಲೆ. ನೌಮ್‌ಬುರ್ಗ್ ಕೂಡ ಜಾಲೆ ದಡದ್ದೇ ಆಗಬೇಕು. ಫ್ರೈಬುರ್ಗ್ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು: ಉನ್‌ಸ್ಟ್ರುಟ್ ನದಿಯ ಪಕ್ಕದ ಪುಟ್ಟ ಊರನ್ನು ಬಿಟ್ಟು ನೈಋತ್ಯ ಮೂಲೆಯ ದೊಡ್ಡ ಫ್ರೈಬುರ್ಗ್ ಒತ್ತಿದರೆ ದೇಶದ ಇನ್ನೊಂದು ತುದಿಗೆ ಹೋಗಿ ಇಳಿಯುತ್ತೀರಿ. ಊರಿನ ಹೆಸರಿನ ಮುಂದೆ ನದಿಯ ಹೆಸರಿದೆಯೇ ನೋಡಿಕೊಂಡೇ ಒತ್ತಿ. ನಾಲ್ಕೈದು ಜನ ಒಟ್ಟಿಗೆ ಹೋಗುವುದಾದರೆ ಟ್ಯೂರಿಂಗೆನ್ ರಾಜ್ಯದ ದಿನದ ಟಿಕೆಟ್ ಸಾಕು. ಅದು ಪಕ್ಕದ ಸ್ಯಾಕ್ಸನಿ, ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯಗಳಲ್ಲೂ ನಡೆಯುತ್ತದೆ. ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಮೊದಲು ನಡೆಯದು, ವೇಗದ ಐಸಿಇ ರೈಲಿನಲ್ಲಿ ಯಾವಾಗಲೂ ನಡೆಯದು.

ಮೊದಲ ನಿಲ್ದಾಣ ಹಾಲೆಯ ಗೀಬಿಷೆನ್‌ಸ್ಟೈನ್ ಕೋಟೆ. ಊರ ನಡುವಿನಿಂದ ಟ್ರಾಮ್ ಇದೆ. ಕೆಳಕೋಟೆಯಲ್ಲಿ ಈಗ ಕಲಾಶಾಲೆ ನಡೆಯುತ್ತಿದೆ. ನೋಡಬೇಕಾದದ್ದು ಬಂಡೆಯ ಮೇಲಿನ ಪಾಳುಬಿದ್ದ ಮೇಲ್ಕೋಟೆ. ಚಳಿಗಾಲದಲ್ಲಿ ಅದರ ಬಾಗಿಲು ಮುಚ್ಚಿರುತ್ತದೆ, ಹಾಗಾಗಿ ಬೇಸಿಗೆಯ ತಿಂಗಳುಗಳಲ್ಲೇ ಬನ್ನಿ. ಐತಿಹ್ಯ ಹೇಳುವುದಿಷ್ಟು: ಒಬ್ಬ ಹೆಣ್ಣಿಗಾಗಿ ಅವಳ ಗಂಡನನ್ನು ಕೊಂದ ಆರೋಪದ ಮೇಲೆ ಲೂಡ್ವಿಗ್‌ನನ್ನು ಇಲ್ಲಿ ಸೆರೆಯಲ್ಲಿಟ್ಟಿದ್ದರು. ಅವನು ಚಳಿಯ ನೆಪ ಹೇಳಿ ಮೇಲಂಗಿಗಳ ಮೇಲೆ ಮೇಲಂಗಿ ತೊಟ್ಟು, ಕಾವಲಿನವರು ಆಟದಲ್ಲಿ ಮೈಮರೆತಾಗ ಕಿಟಕಿಯಿಂದ ನದಿಗೆ ಹಾರಿದ. ಗಾಳಿ ತುಂಬಿದ ಮೇಲಂಗಿಗಳು ಅವನನ್ನು ಮೆಲ್ಲಗೆ ಇಳಿಸಿದವು. ಕೆಳಗೆ ಸೇವಕ ಕಾದಿದ್ದ, ‘ಹಂಸ’ ಎಂಬ ಕುದುರೆಯೂ ಸಿದ್ಧವಿತ್ತು.

ಬಂಡೆಯ ಅಂಚಿಗೆ ನಿಂತು ಬುಡದಿಂದ ನೀರಿಗಿರುವ ದೂರವನ್ನು ಕಣ್ಣಲ್ಲೇ ಅಳೆದು ನೋಡಿ, ಕಥೆ ಅಲ್ಲೇ ಸಡಿಲವಾಗುತ್ತದೆ. ‘ಸೇಲಿಯನ್ ವಂಶದವನು’ (ಆಗಿನ ಚಕ್ರವರ್ತಿಗಳ ವಂಶ) ಎಂಬರ್ಥದ ‘ಸಾಲಿಕುಸ್’ ಎಂಬ ಲ್ಯಾಟಿನ್ ಪದವನ್ನು ‘ಹಾರುವವನು’ ಎಂದು ತಪ್ಪಾಗಿ ಓದಿಕೊಂಡದ್ದರಿಂದ ಈ ಹೆಸರು ಹುಟ್ಟಿತೆಂದು ವಿವರಿಸುವವರಿದ್ದಾರೆ. ಸೆರೆವಾಸ ಮಾತ್ರ ನಿಜ. ಆದರೆ ಅದಕ್ಕೆ ಕಾರಣ ಹೆಣ್ಣಿನ ವಿಷಯವಲ್ಲ, ರಾಜಕೀಯ. ಚಕ್ರವರ್ತಿ ಐದನೇ ಹೆನ್ರಿಯ ವಿರುದ್ಧ ತಿರುಗಿಬಿದ್ದ ಸ್ಯಾಕ್ಸನ್ ಸಾಮಂತರ ಜೊತೆ ಲೂಡ್ವಿಗ್ ಇದ್ದ. ಅವನಿಗೆ ಬಿಡುಗಡೆಯಾದದ್ದು 1116ರಲ್ಲಿ, ಕೈದಿಗಳ ವಿನಿಮಯದಿಂದ. ಅವನ ಮಗ ಹೆರ್ಮನ್ 1114ರಲ್ಲಿ ಸೆರೆಯಲ್ಲೇ ತೀರಿಹೋದ. ಜಿಗಿತದ ಕಥೆ ಹೇಳುವವರು ಈ ಮಗನ ಸುದ್ದಿ ಎತ್ತುವುದೇ ಇಲ್ಲ. ನನ್ನ ಮಟ್ಟಿಗೆ ಈ ಬಂಡೆಯ ಮೇಲೆ ನೆನೆಯಬೇಕಾದವನು ಅವನೇ.

ಕೊಲೆಯ ಜಾಗ ಬೇರೆ ಕಡೆ ಇದೆ. ನೌಮ್‌ಬುರ್ಗ್‌ನಲ್ಲಿ ಇಳಿದು ಉನ್‌ಸ್ಟ್ರುಟ್ ಕಣಿವೆಯ ಚಿಕ್ಕ ರೈಲು ಹಿಡಿದರೆ ಹತ್ತು ನಿಮಿಷಕ್ಕೆಲ್ಲ ಫ್ರೈಬುರ್ಗ್. ಈ ರೈಲು ಪದೇ ಪದೇ ಬರುವುದಿಲ್ಲ, ತಪ್ಪಿದರೆ ತುಂಬ ಹೊತ್ತು ಕಾಯಬೇಕು. ನೌಮ್‌ಬುರ್ಗ್‌ಗೆ ಬರುವ ರೈಲು ತಡವಾದರೆ ಎಂದು ನಡುವೆ ಸ್ವಲ್ಪ ಬಿಡುವಿಟ್ಟುಕೊಳ್ಳಿ. ಫ್ರೈಬುರ್ಗ್‌ನಿಂದ ದ್ರಾಕ್ಷಿತೋಟಗಳ ಪಕ್ಕದ ಏರುದಾರಿಯಲ್ಲಿ ನಡೆದರೆ ಚೈಪ್ಲಿಟ್ಸ್ ಎಂಬ ಹಳ್ಳಿ. ಸ್ಯಾಕ್ಸನಿಯ ಪ್ಯಾಲಟೈನ್ ಕೌಂಟ್ (ಅರಸನ ಪ್ರತಿನಿಧಿಯಾದ ಕೌಂಟ್) ಮೂರನೇ ಫ್ರೀಡ್ರಿಖ್ 1085ರ ಫೆಬ್ರವರಿಯಲ್ಲಿ ಬೇಟೆಗೆ ಹೋದಾಗ ಹತನಾದದ್ದು ಇಲ್ಲಿ. ಅವನ ವಿಧವೆ, ಸ್ಟಾಡೆ ಮನೆತನದ ಅಡೆಲ್‌ಹೈಡ್, ಆಮೇಲೆ ಲೂಡ್ವಿಗ್‌ನ ಕೈಹಿಡಿದಳು. ತಂದೆ ಸತ್ತ ಮೇಲೆ ಹುಟ್ಟಿದ ಮಗ, ಅವನ ಹೆಸರೂ ಫ್ರೀಡ್ರಿಖ್, ಬೆಳೆದು ದೊಡ್ಡವನಾದಾಗ ಮಲತಂದೆಯೇ ಕೊಲೆಗಾರನೆಂದು ದೂರಿದ. ಅಡೆಲ್‌ಹೈಡ್ ಚೈಪ್ಲಿಟ್ಸ್‌ನಲ್ಲಿ ಸನ್ಯಾಸಿನಿಯರ ಮಠ ಸ್ಥಾಪಿಸಿದಳು. ಮಠದ ಚರ್ಚು ಇಂದಿಗೂ ನಿಂತಿದೆ.

ಫ್ರೈಬುರ್ಗ್‌ನ ನೆತ್ತಿಯ ಮೇಲಿರುವ ನೊಯೆನ್‌ಬುರ್ಗ್ ಕೋಟೆಯನ್ನು ಸುಮಾರು 1090ರಲ್ಲಿ ಕಟ್ಟಲು ತೊಡಗಿದವನೂ ಲೂಡ್ವಿಗ್. ವಿಸ್ತಾರದಲ್ಲಿ ಇದು ವಾರ್ಟ್‌ಬುರ್ಗ್‌ಗಿಂತ ಬಹಳ ದೊಡ್ಡದು, ಜನಜಂಗುಳಿ ಮಾತ್ರ ಅದರ ಕಾಲುಭಾಗವೂ ಇಲ್ಲ. ಇಲ್ಲಿ ಅರ್ಧ ದಿನ ಕೊಡಿ. ಅವನ ವಂಶಜರು ಕಟ್ಟಿಸಿದ ಎರಡಂತಸ್ತಿನ ಪ್ರಾರ್ಥನಾಮಂದಿರದಲ್ಲಿ ಮೇಲಿನ ಅಂತಸ್ತು ಒಡೆಯರಿಗೆ, ಕೆಳಗಿನದು ಪರಿವಾರಕ್ಕೆ. ನೆಲದಲ್ಲಿ ಬಿಟ್ಟ ತೆರಪಿನ ಮೂಲಕ ಒಂದೇ ಪೂಜೆ ಎರಡೂ ಕಡೆಗೆ ಕೇಳಿಸುತ್ತಿತ್ತು. ಮೇಲಂತಸ್ತಿನ ನಡುಗಂಬವನ್ನು ಹತ್ತಿರದಿಂದ ನೋಡಿ. ಕಪ್ಪುಛಾಯೆಯ, ನುಣುಪಾಗಿ ಉಜ್ಜಿದ ತೆಳು ಕಂಬಗಳನ್ನು ಗೊಂಚಲಿನಂತೆ ಸೇರಿಸಿದ್ದಾರೆ. ಅವುಗಳ ಮೇಲಿಂದ ಹೊರಡುವ ಕಮಾನುಗಳ ಅಂಚು ಎಲೆಯಂಚಿನಂತೆ ಹಲ್ಲುಹಲ್ಲಾಗಿದೆ. ಸೀಮೆಯ ಉಳಿದ ಕಟ್ಟಡಗಳ ಒರಟು ಸುಣ್ಣಗಲ್ಲನ್ನು ನೋಡಿ ಬಂದ ಕಣ್ಣಿಗೆ ಇದು ಹೊರನಾಡಿನ ಕೆಲಸವೆಂದು ತಟ್ಟನೆ ಹೊಳೆಯುತ್ತದೆ.

ಮೂರನೆಯ ದಿನ ಗೋಟಾದಲ್ಲಿ ಇಳಿದು, ಕಾಡಿನೊಳಗೆ ಸಾಗುವ ನಾಲ್ಕನೇ ನಂಬರಿನ ಟ್ರಾಮ್ ಹತ್ತಿ. ಫ್ರೀಡ್ರಿಖ್‌ರೋಡಾದ ಸುತ್ತಲಿನ ಕಾಡು ಕಡಿದು ನೆಲೆನಿಂತವನು ಲೂಡ್ವಿಗ್‌ನ ತಂದೆ ‘ಗಡ್ಡದ ಲೂಡ್ವಿಗ್’. ಅವನ ಶೌಎನ್‌ಬುರ್ಗ್ ಕೋಟೆಯದು ಗುಡ್ಡದ ಮೇಲೆ ಒಂದಿಷ್ಟು ಅವಶೇಷ ಉಳಿದಿದೆ, ಅಷ್ಟೇ. ಪಕ್ಕದ ರೈನ್‌ಹಾರ್ಟ್ಸ್‌ಬ್ರುನ್‌ನಲ್ಲಿ ಮಗ 1085ರಲ್ಲಿ ಮಠ ಸ್ಥಾಪಿಸಿದ. ಕೊನೆಗಾಲಕ್ಕೆ ತಾನೇ ಅಲ್ಲಿ ಸನ್ಯಾಸಿಯಾಗಿ 1123ರಲ್ಲಿ ತೀರಿಕೊಂಡ. 1525ರ ರೈತದಂಗೆಯಲ್ಲಿ ಮಠ ಹಾಳಾಯಿತು. ಆ ಜಾಗದಲ್ಲಿ ಈಗಿರುವುದು 19ನೇ ಶತಮಾನದ ಅರಮನೆ. ಅದು ಬಹುಕಾಲ ಪಾಳುಬಿದ್ದಿತ್ತು, 2018ರಲ್ಲಿ ರಾಜ್ಯ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಒಳಗೆ ಹೋಗಬಹುದೆಂದು ನೆಚ್ಚಿಕೊಂಡು ಬರಬೇಡಿ.

ಐಸೆನಾಖ್‌ನಲ್ಲಿ ಊರಿಂದ ವಾರ್ಟ್‌ಬುರ್ಗ್‌ಗೆ ಸುಮಾರು 200 ಮೀಟರ್ ಏರು. ಬಸ್ಸು ಕೋಟೆಬಾಗಿಲಿನವರೆಗೆ ಹೋಗುವುದಿಲ್ಲ, ಕೊನೆಯ ಮೆಟ್ಟಿಲುಗಳನ್ನು ಹತ್ತಲೇಬೇಕು. ಮಂಡಿನೋವಿನವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಲಿ. ಈ ಗುಡ್ಡ ಲೂಡ್ವಿಗ್‌ನದಾಗಿರಲಿಲ್ಲ. 1067ರಲ್ಲಿ ಅವನು ತನ್ನ ನೆಲದ ಮಣ್ಣನ್ನು ಹೊರಿಸಿ ತಂದು ಇಲ್ಲಿ ಹರಡಿಸಿದನಂತೆ. ತಕರಾರು ಬಂದಾಗ ಹನ್ನೆರಡು ಯೋಧರು ಆ ಮಣ್ಣಿನಲ್ಲಿ ಕತ್ತಿ ನೆಟ್ಟು, ‘ನಾವು ನಿಂತಿರುವುದು ನಮ್ಮ ಒಡೆಯನ ನೆಲದ ಮೇಲೆ’ ಎಂದು ಆಣೆಯಿಟ್ಟರಂತೆ. ಬರಹದಲ್ಲಿ ಕೋಟೆಯ ಹೆಸರು ಮೊದಲು ಸಿಗುವುದು 1080ರ ಯುದ್ಧದ ಸಂದರ್ಭದಲ್ಲಿ. ನೀವು ಕಾಣುವ ಅರಮನೆ ಭಾಗ 12ನೇ ಶತಮಾನದ ನಡುವಿನದು, ಅವನ ವಂಶಜರದು; ಶಿಲುಬೆ ಹೊತ್ತ ಎತ್ತರದ ಗೋಪುರ 19ನೇ ಶತಮಾನದ್ದು. ಲೂಡ್ವಿಗ್‌ನ ಕಾಲದ ಗೋಡೆ ಹುಡುಕಿದರೆ ನಿರಾಶೆಯೇ ಗತಿ.

ಅವನನ್ನು ಕಾಣಬೇಕಾದರೆ ಗುಡ್ಡ ಇಳಿದು ಪೇಟೆಯ ನಡುವಿನ ಗಿಯೋರ್ಗೆನ್ ಚರ್ಚಿಗೆ ಬನ್ನಿ. ಸಂಗೀತಗಾರ ಬಾಖ್ 1685ರಲ್ಲಿ ದೀಕ್ಷಾಸ್ನಾನ ಪಡೆದದ್ದು ಇಲ್ಲೇ, ಹಾಗಾಗಿ ಎಲ್ಲರೂ ಆ ಕಲ್ಲುಬಾನಿಯ ಸುತ್ತ ಸೇರಿರುತ್ತಾರೆ. ನೀವು ಪೀಠದ ಕಡೆಗೆ ನಡೆಯಿರಿ. ರೈನ್‌ಹಾರ್ಟ್ಸ್‌ಬ್ರುನ್‌ನಿಂದ 1952ರಲ್ಲಿ ತಂದ ಸಮಾಧಿಶಿಲೆಗಳು ಅಲ್ಲಿವೆ, ಲೂಡ್ವಿಗ್‌ನದೂ ಇದೆ. ಮಠ 1292ರಲ್ಲಿ ಸುಟ್ಟ ನಂತರ ಕೆತ್ತಿದವಾದ್ದರಿಂದ ಆ ಮುಖ ಶಿಲ್ಪಿಯ ಊಹೆ. 1131ರಲ್ಲಿ ಲ್ಯಾಂಡ್‌ಗ್ರಾಫ್ ಪದವಿಗೇರಿ ಮನೆತನವನ್ನು ಕೌಂಟ್‌ಗಳ ಸಾಲಿನಿಂದ ಮೇಲೆತ್ತಿದ ಮಗ ಲೂಡ್ವಿಗ್‌ನ ಶಿಲೆಯೂ ಅದೇ ಗುಂಪಿನದು. ಸೆರೆಯಲ್ಲಿ ಸತ್ತ ಹೆರ್ಮನ್ ಅವನ ಒಡಹುಟ್ಟಿದವನು.