ದಡಕ್ಕೆ ಕಟ್ಟಿದ ಚಕ್ರ

ಹರಿಯುವ ನದಿಯ ಮೇಲೆ ಚಕ್ರ ತೇಲಿಸಿ ಕರೆಂಟು ತೆಗೆಯುವುದು ನಮ್ಮ ತಂಡದ ಕೆಲಸ. ಅಣೆಕಟ್ಟಿಲ್ಲ, ಕಾಲುವೆಯಿಲ್ಲ. ಎರಡು ತೆಪ್ಪ, ನಡುವೆ ಹಲಗೆಗಳ ಚಕ್ರ, ಒಂದು ಜನರೇಟರ್, ಅಷ್ಟೇ. ಮೊದಲ ಮಾದರಿಯನ್ನು ಕಾವೇರಿಗೆ ಇಳಿಸಿದ ದಿನ ಏನೋ ಹೊಸದು ಕಂಡುಹಿಡಿದವರ ಹಾಗೆ ಎಲ್ಲರೂ ನಿಂತು ಫೋಟೊ ತೆಗೆಸಿಕೊಂಡೆವು. ಜನರೇಟರಿನ ಜಾಗದಲ್ಲಿ ಬೀಸುಕಲ್ಲು ಹೊತ್ತ ಇದೇ ಯಂತ್ರ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ತೇಲಿತ್ತು ಅಂತ ನನಗೆ ಗೊತ್ತಾದದ್ದು, ನಮ್ಮದು ಕೈಕೊಟ್ಟ ಮೇಲೆ.

ತಪ್ಪು ನನ್ನದೇ. ಕೇಬಲ್ ಉಳಿಯುತ್ತದೆ, ಹತ್ತಿ ಇಳಿಯಲೂ ಸುಲಭ ಅಂತ ತೆಪ್ಪವನ್ನು ದಡದ ಹತ್ತಿರ ಕಟ್ಟಿಸಿದ್ದೆ. ಚಕ್ರ ಸುತ್ತುತ್ತಿತ್ತು, ಬಲ್ಬು ಮಾತ್ರ ಮಿಣುಕುತ್ತಿತ್ತು. ಹರಿಗೋಲಿನವರು ಎರಡು ದಿನ ನೋಡಿ, ‘ಸಾರ್, ಅಲ್ಲಿ ನೀರು ಮಲಗಿರುತ್ತೆ’ ಅಂದರು. ಒಣ ತೆಂಗಿನಕಾಯಿ ತೇಲಿಬಿಟ್ಟು ಗಡಿಯಾರ ಹಿಡಿದೆವು. ದಡದಲ್ಲಿ ಸೆಕೆಂಡಿಗೆ 0.6 ಮೀಟರ್, ನಡುಹೊಳೆಯಲ್ಲಿ 1.2. ವೇಗ ಎರಡರಷ್ಟಾದರೆ ಹರಿವಿನ ಶಕ್ತಿ ಎಂಟರಷ್ಟು. ಅಂದರೆ ಒಂದು ಚದರ ಮೀಟರ್ ಹರಿವಿನಲ್ಲಿ ಇಲ್ಲಿ 108 ವ್ಯಾಟ್, ಅಲ್ಲಿ 864. ಅದರಲ್ಲೂ ಚಕ್ರಕ್ಕೆ ದಕ್ಕುವುದು ಒಂದು ಪಾಲು ಮಾತ್ರ. ಕಾಲೇಜಿನಲ್ಲಿ ಈ ಸೂತ್ರ ಬರೆದು ಅಂಕ ತೆಗೆದುಕೊಂಡವನು ನಾನು!

ಹಳಬರು ಹೇಗೆ ಮಾಡುತ್ತಿದ್ದರು ಅಂತ ಹುಡುಕಲು ಕೂತದ್ದು ಆಮೇಲೆ. ಕ್ರಿ.ಶ. 537ರಲ್ಲಿ ಗಾಥರೆಂಬ ಬುಡಕಟ್ಟಿನವರು ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ಊರಿಗೆ ನೀರು ತರುತ್ತಿದ್ದ ಮೇಲ್ಗಾಲುವೆಗಳನ್ನು ಕಡಿದರು. ಆ ನೀರಿನಿಂದಲೇ ತಿರುಗುತ್ತಿದ್ದ ಗಿರಣಿಗಳು ನಿಂತುಹೋದವು. ನಗರ ಕಾಯುತ್ತಿದ್ದ ಸೇನಾಪತಿ ಬೆಲಿಸಾರಿಯಸ್ ಊರೊಳಗಿನ ಟೈಬರ್ ನದಿಯಲ್ಲಿ, ಸೇತುವೆಯ ಕಮಾನಿನಿಂದ ನೀರು ನುಗ್ಗಿಬರುವ ಕಡೆ, ಎರಡೆರಡು ದೋಣಿಗಳನ್ನು ಎರಡಡಿ ಅಂತರದಲ್ಲಿ ಕಟ್ಟಿಸಿ ನಡುವೆ ಚಕ್ರ ತೂಗಿಸಿದ. ಜಾಗದ ಆಯ್ಕೆ ನೋಡಿ: ದಡ ಅಲ್ಲ, ಸೆಳವು.

ಮುಂದೆ ಈ ಗಿರಣಿಗಳು ಬಹಳ ಕಡೆ ಹಬ್ಬಿದವು. ಹತ್ತನೇ ಶತಮಾನದಲ್ಲಿ ಇರಾಕಿನ ಮೋಸುಲ್‌ನ ಟೈಗ್ರಿಸ್ ನದಿಯಲ್ಲಿ ತೇಗ ಮತ್ತು ಕಬ್ಬಿಣದ ಗಿರಣಿಗಳು ಕಬ್ಬಿಣದ ಸರಪಳಿಗೆ ಕಟ್ಟಿಕೊಂಡು ನಡುನೀರಿನಲ್ಲೇ ನಿಂತಿರುತ್ತಿದ್ದವು. ನನಗೆ ಹೆಚ್ಚು ಹಿಡಿಸಿದ್ದು ಯುರೋಪಿನ ಡ್ಯಾನ್ಯೂಬ್ ನದಿಯವು. ಅಲ್ಲಿ ಎರಡು ದೋಣಿಗಳು ಒಂದೇ ಸಮ ಇರಲಿಲ್ಲ. ದೊಡ್ಡದರ ಮೇಲೆ ಮನೆಯಂಥ ಗೂಡು, ಒಳಗೆ ಬೀಸುಕಲ್ಲು, ಹಲ್ಲುಚಕ್ರ, ಧಾನ್ಯದ ಮೂಟೆ. ಚಿಕ್ಕದಕ್ಕೆ ಅಚ್ಚಿನ ಇನ್ನೊಂದು ತುದಿ ಹೊರುವುದಷ್ಟೇ ಕೆಲಸ. ನಾವೋ ಎರಡೂ ತೆಪ್ಪ ಒಂದೇ ಅಳತೆಗೆ ಮಾಡಿಸಿ, ಜನರೇಟರ್ ಇಟ್ಟ ಕಡೆ ವಾಲಿದಾಗ ಇನ್ನೊಂದು ಕಡೆ ಮರಳುಚೀಲ ಪೇರಿಸಿದ್ದೆವು. ನೀರಿನ ಚಕ್ರ ನಿಧಾನಿ, ಕಲ್ಲು ಜೋರಾಗಿ ತಿರುಗಬೇಕು. ಹಾಗಾಗಿ ದೊಡ್ಡ ಹಲ್ಲುಚಕ್ರ ಚಿಕ್ಕದನ್ನು ಓಡಿಸುತ್ತಿತ್ತು. ಹೊಳೆ ಏರಿದರೆ ಗಿರಣಿಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹಲಗೆ ನೀರಲ್ಲಿ ಮುಳುಗುವ ಅಳತೆ ಹೆಚ್ಚುಕಡಿಮೆ ಆಗುವುದಿಲ್ಲ. ದಡದ ಗಿರಣಿಗೆ ಈ ಸುಖವಿಲ್ಲ. ಚಳಿಗಾಲದ ಮಂಜುಗಡ್ಡೆ ಬರುವ ಮುಂಚೆ ಎಳೆದು ಮರೆಗೆ ಕಟ್ಟಬೇಕಿತ್ತು, ಅದೊಂದು ಪಾಡು.

ಮುಂಗಾರಿನ ಮೊದಲ ಕೆಂಪುನೀರು ಬಂದಾಗ ನಮಗೆ ಎರಡನೇ ಪೆಟ್ಟು ಬಿತ್ತು. ಬುಡಸಮೇತ ಕಿತ್ತುಬಂದ ಮರವೊಂದು ಎರಡು ಹಲಗೆ ಮುರಿದುಕೊಂಡು ಹೋಯಿತು. ಗಾಥರೂ ಬೆಲಿಸಾರಿಯಸ್‌ನ ಚಕ್ರ ಮುರಿಯಲೆಂದೇ ಮರದ ದಿಮ್ಮಿ, ಹೆಣಗಳನ್ನು ಹೊಳೆಗೆ ಬಿಡುತ್ತಿದ್ದರಂತೆ. ಅವನು ಸೇತುವೆಗೆ ಬಿಗಿದು, ಹೊಳೆಯ ಅಡ್ಡಕ್ಕೆ ಸರಪಳಿ ಕಟ್ಟಿಸಿದ. ಬಂದದ್ದೆಲ್ಲ ಅದಕ್ಕೆ ತಗುಲಿ ನಿಲ್ಲುತ್ತಿತ್ತು, ಆಳುಗಳು ದಡಕ್ಕೆ ಎಳೆದುಹಾಕುತ್ತಿದ್ದರು. ನಾವು ತೆಪ್ಪದ ಮುಂದೆ ಓರೆಯಾಗಿ ಉಕ್ಕಿನ ಹಗ್ಗ ಕಟ್ಟಿದೆವು. ದಿಮ್ಮಿಗಳು ಈಗ ಪಕ್ಕಕ್ಕೆ ಜಾರುತ್ತವೆ. ಅಂತರಗಂಗೆ ಮಾತ್ರ ಮೆತ್ತಿಕೊಳ್ಳುತ್ತದೆ, ದಿನಾ ಬೆಳಿಗ್ಗೆ ಕೈಯಲ್ಲೇ ಕೀಳಬೇಕು.

ಇನ್ನು ನಡುಹೊಳೆಗೆ ಸರಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಡ್ಯಾನ್ಯೂಬ್‌ನಲ್ಲಿ ಗಿರಣಿಗಳಿಗೆ ಕುತ್ತು ಬಂದದ್ದು ಅಲ್ಲೇ: ಹತ್ತೊಂಬತ್ತನೇ ಶತಮಾನದಲ್ಲಿ ಉಗಿಹಡಗುಗಳಿಗೂ ಅದೇ ದಾರಿ ಬೇಕಾಯಿತು, ದಡದ ಮೇಲೆ ಉಗಿ ಗಿರಣಿಗಳೂ ಎದ್ದವು. ನಮಗೆ ಅಡ್ಡ ಬಂದದ್ದು ಹಡಗಲ್ಲ, ಮೀನುಬಲೆ. ಬಲೆ ಬಿಡುವವರ ಜೊತೆ ಚಹಾ ಕುಡಿಯುತ್ತ ಒಂದು ಸಂಜೆ ಮಾತಾಡಿ, ಹರಿಗೋಲಿನವರು ತೋರಿಸಿದ ಕಡೆ, ನಡುವಿನಿಂದ ಸ್ವಲ್ಪ ಎಡಕ್ಕೆ ಲಂಗರು ಹಾಕಿದೆವು. ಅಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ಓಡುತ್ತದೆ. ಕೇಬಲ್ ಮತ್ತೆ ಕೊಳ್ಳಬೇಕಾಯಿತು. ಆ ಬಿಲ್ಲಿಗೆ ಸಹಿ ಹಾಕಿದವನೂ ನಾನೇ.