ಕಸೂತಿ ನಕ್ಷತ್ರ ಕೊನೆಗೂ ನೆಟ್ಟಗೆ ನಿಂತಿತು, ಇನ್ನು ಕ್ರಿಸ್‌ಮಸ್ ಮಾರಾಟ

ನಿಂತಿತು! ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು ಬಟ್ಟೆಯ ಮೇಲೆ ಹೊಲಿದ ನಕ್ಷತ್ರ ಮೂಲೆ ಮುದುಡದೆ, ಸೊಟ್ಟಾಗದೆ, ಎರಡೂ ಮುಖ ತೋರಿಸುತ್ತ ದಾರದಲ್ಲಿ ತಿರುಗುತ್ತಿದೆ. ಇದು ಬಗೆಹರಿಯದೆ ಆರ್ಡರ್ ಹಿಡಿಯುವ ಹಾಗಿರಲಿಲ್ಲ.

ನಕ್ಷೆ, ದಾರ, ಎಳೆ ಎಣಿಸೋದು ಎಲ್ಲ ನಿಮಗೆ ಗೊತ್ತೇ ಇದೆ, ಬಿಡ್ತೀನಿ. ಎಂಟು ಮೂಲೆಯ ನಕ್ಷತ್ರ, ಹೊರಗೆರೆ ಗವಂತಿ (ಹೋಗಿ ಬಂದು ಹಾಕುವ ನೇರ ಹೊಲಿಗೆ), ಒಳಗೆ ಸ್ವಲ್ಪ ಮುರಗಿ (ಮೆಟ್ಟಿಲಿನ ಹಾಗೆ ಅಂಕುಡೊಂಕು ಹೊಲಿಗೆ). ಐದು ಮೂಲೆದು ಯಾಕಿಲ್ಲ ಅಂತ ಗಿರಾಕಿಗಳು ಕೇಳೇ ಕೇಳ್ತಾರೆ. ಎಳೆ ಎಣಿಸಿ ಹಾಕುವ ಹೊಲಿಗೆಗೆ ಉದ್ದ, ಅಡ್ಡ, ಓರೆ ಇಷ್ಟೇ ದಾರಿ. ಅದರಲ್ಲಿ ಎಂಟು ಮೂಲೆ ತಾನಾಗೇ ಕೂಡಿಬರುತ್ತದೆ, ಐದು ಮೂಲೆ ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ನನಗಂತೂ ಎಂಟೇ ಚೆಂದ.

ಈ ವರ್ಷ ಗಿರಾಕಿಗೆ ಹೇಳುವ ಮಾತು ಒಂದೇ ಅಂತ ಗಟ್ಟಿ ಮಾಡಿಕೊಂಡಿದ್ದೇನೆ: ಹಿಂದೆ ಮುಂದೆ ಒಂದೇ ಥರ, ಗಂಟಿಲ್ಲ. ಮಷೀನ್ ಕೆಲಸದ್ದನ್ನು ತಿರುಗಿಸಿದರೆ ಹಿಂದುಗಡೆ ಬೇರೆಯೇ ಕಾಣುತ್ತದೆ, ಅಲ್ವಾ? ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತೀವಿ, ಹಾಗಾಗಿ ಹಿಂದು ಮುಂದು ಅನ್ನೋದೇ ಇಲ್ಲ. ಮರಕ್ಕೆ ತೂಗುಹಾಕಿದ್ದು ಗಾಳಿಗೆ ತಿರುಗಿಯೇ ತಿರುಗುತ್ತದೆ. ಅದನ್ನೇ ಹದಿನೈದು ಸೆಕೆಂಡಿನ ವಿಡಿಯೋ ಮಾಡಿ ಹಾಕಿದರೆ ಸಾಕು, ಮಾತೇ ಬೇಡ.

ಆದರೆ ಬಟ್ಟೆ ನಿಲ್ಲಬೇಕಲ್ಲ! ಟೇಲರ್ ಪೇಸ್ಟಿಂಗ್ (ಕಾಲರಿಗೆ ಹಾಕುವ ಗಟ್ಟಿ ಬಟ್ಟೆ) ಅಂಟಿಸಿದರೆ ಒಂದು ಮುಖ ಮುಚ್ಚಿಹೋಗುತ್ತದೆ. ಎರಡು ತುಂಡು ಬೆನ್ನಿಗೆ ಬೆನ್ನು ಹೊಲಿದರೆ ಕೂಲಿ ಡಬಲ್, ಮೇಲಾಗಿ ಅದಕ್ಕೆ ಕಸೂತಿಯೇ ಯಾಕೆ ಬೇಕು? ತೆಳು ಅಂಟು ಸವರಿದರೆ ಒಣಗಿದ ಮೇಲೆ ಕೆಟ್ಟದಾಗಿ ಹೊಳೆಯಿತು. ಸಾಬೂದಾಣಿ ಗಂಜಿ ಮಾತ್ರ ಮಸ್ತ್ ಬಂತು, ಇಸ್ತ್ರಿ ಹೊಡೆದರೆ ಸುಟ್ಟ ಹಪ್ಪಳದ ಹಾಗೆ ಗರಿಗರಿ. ಧಾರವಾಡದ ಒಣ ಹವೆಗೆ ಅದು ಜಗ್ಗಲೇ ಇಲ್ಲ. ಆಮೇಲೆ ಮಂಗಳೂರಿನ ಗೆಳತಿ ಸ್ಯಾಂಪಲ್ಲಿನ ಫೋಟೋ ಕಳಿಸಿದಳು. ಕರಾವಳಿಯ ತೇವಕ್ಕೆ ಗಂಜಿ ಮೆತ್ತಗಾಗಿ ಎಲ್ಲ ಮೂಲೆ ಜೋತುಬಿದ್ದಿದ್ದವು. ಕ್ರಿಸ್‌ಮಸ್ ಮಾಲು ಮಂಗಳೂರು, ಗೋವಾಕ್ಕೆ ಹೋಗದಿದ್ದರೆ ಇನ್ನೆಲ್ಲಿಗೆ ಹೋಗಬೇಕು?

ಚೌಕಟ್ಟು ಬೇಕೇ ಬೇಕು ಅಂತಾಯಿತು. ಕಬ್ಬಿಣದ ತಂತಿ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಕೊನೆಗೆ ಹುಬ್ಬಳ್ಳಿಯಲ್ಲಿ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಹೋದೆ. "ಯಾವ ಮೋಟಾರ್ ಸುಟ್ಟೈತ್ರಿ ಅಕ್ಕಾರ?" ಅಂದರು ಅಲ್ಲಿನ ಕಾಕಾ. ನಕ್ಷತ್ರ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, 16 ಗೇಜಿನ ತಾಮ್ರದ ವೈರ್ ತೂಗಿಕೊಟ್ಟರು. ಸುಮಾರು 1.6 ಮಿಲಿಮೀಟರ್ ದಪ್ಪ. ಮೇಲೆ ಎನಾಮಲ್ ಇರೋದರಿಂದ ಕಿಲುಬು ಹಿಡಿಯೋಲ್ಲ, ಸ್ಟೀಲ್ ಲೋಟಕ್ಕೆ ಸುತ್ತಿದರೆ ಬೆರಳಲ್ಲೇ ಗುಂಡಗೆ ಬಾಗುತ್ತದೆ.

ನಿಜವಾದ ಕಿರಿಕಿರಿ ಶುರುವಾದದ್ದು ಇಲ್ಲಿ. ಆ ವೈರಿನ ರಿಂಗಿಗೆ ಬಟ್ಟೆ ಕೂಡಿಸಲು ಸುತ್ತ ಕಾಜಾ (ಗುಂಡಿ ತೂತಿನ ಅಂಚಿಗೆ ಹಾಕುವ) ಹೊಲಿಗೆ ಹಾಕುತ್ತ ಹೋದರೆ, ಮುಗಿಯುವ ಹೊತ್ತಿಗೆ ನಕ್ಷತ್ರ ಒಂದು ಕಡೆ ವಾಲಿರುತ್ತದೆ. ಬಟ್ಟೆ ಹಾಸು ಹೊಕ್ಕಿನ (ಉದ್ದ, ಅಡ್ಡ ಎಳೆಯ) ದಿಕ್ಕಿಗೆ ಅಷ್ಟು ಹಿಗ್ಗೋಲ್ಲ, ಓರೆಗೆ ಹಿಗ್ಗುತ್ತದೆ. ಒಂದೇ ಸುತ್ತು ಎಳೆಯುತ್ತ ಹೋದಾಗ ಆ ಹಿಗ್ಗೆಲ್ಲ ಮುಂದೆ ಮುಂದೆ ಜರುಗಿ ಕೊನೆಯ ಓರೆಯಲ್ಲಿ ಸೇರಿಕೊಳ್ಳುತ್ತದೆ. ಈಗ ಮಾಡುವ ಕ್ರಮ ಹೀಗೆ: ಮೊದಲು ಹಾಸಿನ ಎರಡು ತುದಿ ಬಿಗಿ ಮಾಡೋದು, ಆಮೇಲೆ ಹೊಕ್ಕಿನ ಎರಡು ತುದಿ. ಓರೆಯ ನಾಲ್ಕು ಕಡೆ ಎಳೆಯದೆ ಸುಮ್ನೆ ಒಂದೊಂದು ಟಾಕಿ. ಇದಾದ ಮೇಲೆ ಕಾಜಾ, ಅದೂ ಎದುರುಬದುರು ಕಾಲುಕಾಲು ಭಾಗ. ಬಟ್ಟೆಯನ್ನು ಮೊದಲೇ ಗುಂಡಗೆ ಕತ್ತರಿಸಬೇಡಿ. ಚೌಕವೇ ಇರಲಿ, ಒತ್ತೊತ್ತಾಗಿ ಕಾಜಾ ಮುಗಿದ ಮೇಲೆ ಕಟ್‌ವರ್ಕಿನ ಥರ ಹೊರಗಿನದ್ದು ಕತ್ತರಿಸಿ. ಎಳೆ ಬಿಚ್ಚೋಲ್ಲ, ಹಿಂದುಗಡೆಯೂ ಚೊಕ್ಕ.

ಕೆಂಪು ದಾರದ ಗೋಳು ಮಾತ್ರ ತಪ್ಪಿಲ್ಲ. ಅದೇ ನಂಬರ್ ಬರೆದುಕೊಟ್ಟರೂ ಪ್ರತಿ ಸಲ ಬೇರೆ ಕೆಂಪು ಕಳಿಸುತ್ತಾರೆ, ಕೇಳಿದರೆ "ಲಾಟ್ ಬೇರೆ ಮೇಡಂ" ಅಂತಾರೆ. ಸೆಟ್ ಮಾರುವವರಿಗೆ ಇದು ಎಂಥ ಪಜೀತಿ ಅಂತ ನಿಮಗೆ ಹೇಳಬೇಕಾ? ಇನ್ನು ಮೇಲೆ ಸೀಜನ್ನಿನ ಅಷ್ಟೂ ದಾರ ಒಂದೇ ಲಾಟಿನದ್ದು, ಒಂದೇ ಸಲ. ಬಾಕ್ಸಿನ ಕೆಲಸ ಗದಗಿಗೆ ಕೊಟ್ಟಿದ್ದೇನೆ. ಪ್ರಿಂಟಿಂಗ್ ಚೆನ್ನ, ಕೊಟ್ಟ ತಾರೀಖು ಮಾತ್ರ "ಬರೋ ಸೋಮವಾರ"ಕ್ಕೇ ಜಾರುತ್ತಿದೆ. ಈ ಬಾಕ್ಸಿನ ತಲೆನೋವಿನಲ್ಲೇ ಇನ್ನೊಂದು ಹೊಳೆಯಿತು: ಕುಪ್ಪಸ ಹೊಲಿಯುವವರ ಹತ್ತಿರ ಗುಳೇದಗುಡ್ಡ ಖಣದ ತುಂಡುಗಳು ರಾಶಿ ಇರುತ್ತವೆ. ಅವುಗಳಿಂದ ಚಿಕ್ಕ ಚೀಲ ಮಾಡಿ, ಬಾಯಿಗೆ ಗವಂತಿ ಅಂಚು ಹಾಕಿದರೆ ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿ ಕೊಡಲು ಎಷ್ಟು ಚೆಂದ! ಜನವರಿಯ ಕೆಲಸ ಅದೇ.

ಎಲ್ಲರೂ ಫಾರಿನ್ ಆರ್ಡರ್ ಹಿಡಿ ಅಂತಾರೆ. ನಾನು ಮೊದಲು ಇಲ್ಲಿನ ಮನೆಗಳಿಗೇ ಹೋಗುವವಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದವರು. ಇಷ್ಟು ಹಳೆಯ ಹಬ್ಬ ಇಲ್ಲೇ ಇರುವಾಗ, ಇಲ್ಲಿನ ಕೈಕೆಲಸ ಇಲ್ಲಿನ ಮರಕ್ಕೇ ಮೊದಲು ತೂಗಬೇಕು ಅನ್ನೋದು ನನ್ನ ಆಸೆ. ನಕ್ಷತ್ರದ ಜೊತೆ ಇಡುವ ಕಾರ್ಡಿನ ಮೇಲೆ ಜಿಐ (ಭೌಗೋಳಿಕ ಗುರುತು) ಲೋಗೋ ಹಾಕೋಲ್ಲ, ಅದಕ್ಕೆ ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸಿಕೊಂಡಿರಬೇಕು. ಹೊಲಿದ ಅಕ್ಕನ ಹೆಸರು ಹಾಕುತ್ತೇನೆ.

ತಾರೀಖಿನ ಲೆಕ್ಕಕ್ಕೆ ಅಡ್ವೆಂಟ್, ಅಂದರೆ ಕ್ರಿಸ್‌ಮಸ್ ಎದುರುನೋಡುವ ಕಾಲ, ಶುರುವಾಗುವ ದಿನ ಹಿಡಿದಿದ್ದೇನೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ ಅದು, ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಅಷ್ಟೊತ್ತಿಗೆ ನಕ್ಷತ್ರ ಮನೆ ಸೇರಿರಬೇಕು, ಹಾಗಾಗಿ ದೀಪಾವಳಿ ಮುಗಿದ ತಕ್ಷಣ ಬುಕಿಂಗ್ ಶುರು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಒಂದನ್ನೇ ನಂಬಬೇಡಿ. ಒಂದು ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಅದಕ್ಕೇ ಈಗಿನಿಂದಲೇ ಪ್ರತಿ ಬಿಲ್ಲಿನ ಜೊತೆ ಒಂದು ಚೀಟಿ ಇಡುತ್ತಿದ್ದೇನೆ, "ನಂಬರ್ ಸೇವ್ ಮಾಡಿಕೊಳ್ಳಿ, ನಕ್ಷತ್ರದ ವಿಡಿಯೋ ಕಳಿಸ್ತೀವಿ" ಅಂತ.

ರಿಂಗಿನ ಸ್ಯಾಂಪಲ್ ನಿನ್ನೆ ಮಂಗಳೂರಿಗೆ ಕೊರಿಯರ್ ಆಯಿತು. ಅಲ್ಲಿ ಒಂದು ವಾರ ಕಿಟಕಿಯಲ್ಲಿ ತೂಗಲಿ, ಫೋಟೋ ಬಂದ ಮೇಲೆ ಬೆಲೆ ಹಾಕ್ತೀನಿ.